ಜಾರ್ಜಿಯಾದಲ್ಲಿ ಒಬ್ಬಳೇ, ಮರ್ಶ್ರುತ್ಕಾ ಹತ್ತಿ

ಶಾರ್ಜಾದ ನಮ್ಮ ಆಫೀಸಿನಲ್ಲಿ ಜಾರ್ಜಿಯಾ ನೋಡದವರು ಈಗ ಕಡಿಮೆ. ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಎಮಿರೇಟ್ಸ್ ವಾಸದ ಪರವಾನಗಿ ಇದ್ದರೆ ಭಾರತೀಯರಿಗೂ ಪ್ರತ್ಯೇಕ ವೀಸಾ ಬೇಕಿಲ್ಲ. ಇಲ್ಲಿ ನಲವತ್ತೈದು ಡಿಗ್ರಿ ಕುದಿಯುವಾಗ ಅಲ್ಲಿ ಸ್ವೆಟರ್ ಹಾಕಿಕೊಳ್ಳಬಹುದು. ಹಾಗಾಗಿ ಈದ್ ರಜೆ ಬಂತೆಂದರೆ ನಾಲ್ಕು ರಾತ್ರಿಯ ಪ್ಯಾಕೇಜಿಗೆ ಹೆಸರು ಕೊಡುವವರ ಸಾಲು. ಹೋಗಿ ಬಂದವರ ಫೋಟೊಗಳನ್ನು ನೋಡಿದರೆ ಎಲ್ಲರದ್ದೂ ಒಂದೇ: ಅನನೂರಿ ಕೋಟೆ, ಗುದೌರಿಯ ಬಣ್ಣದ ಗೋಡೆ, ಗೆರ್ಗೆಟಿ ಚರ್ಚಿನ ಮುಂದೆ ಕೈ ಚಾಚಿ ನಿಂತದ್ದು. ಇಡೀ ದಿನ ಕಾರಿನಲ್ಲಿ ಕೂತು ಮೂರು ಕಡೆ ಇಪ್ಪತ್ತು ನಿಮಿಷ ಇಳಿದು ಬರುವುದಕ್ಕೆ ನಾನು ರಜೆ ಹಾಳು ಮಾಡಿಕೊಳ್ಳುವವಳಲ್ಲ. ಒಬ್ಬಳೇ ಹೋದೆ, ಊರವರು ಓಡಾಡುವ ವ್ಯಾನಿನಲ್ಲೇ ಓಡಾಡಿದೆ, ಹೋದಲ್ಲೆಲ್ಲ ಮನೆಗಳಲ್ಲೇ ಉಳಿದೆ. ಆ ದೇಶವನ್ನು ಒಂಟಿಯಾಗಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಆ ವ್ಯಾನಿನ ಹೆಸರು ಮರ್ಶ್ರುತ್ಕಾ. ನಮ್ಮ ತೀರ್ಥಹಳ್ಳಿ ಕಡೆಯ ಮ್ಯಾಕ್ಸಿಕ್ಯಾಬ್ ಇದ್ದ ಹಾಗೆ, ತುಂಬಿದ ಮೇಲೆಯೇ ಹೊರಡುತ್ತದೆ. ಕೆಲವು ದಾರಿಗಳಿಗೆ ಹೊತ್ತು ಗೊತ್ತು ಮಾಡಿದ್ದಾರೆ, ಹಲವಕ್ಕೆ ಇಲ್ಲ. ರಾಜಧಾನಿ ತಿಬಿಲಿಸಿಯಿಂದ ಉತ್ತರಕ್ಕೆ, ಅಂದರೆ ಕಜ್ಬೆಗಿ ಊರಿನ ಕಡೆಗೆ ಹೋಗುವವು ದಿದುಬೆ ನಿಲ್ದಾಣದಿಂದ ಬಿಡುತ್ತವೆ. ಅಲ್ಲಿಗೆ ಮೆಟ್ರೊ ಇದೆ, ನಾನು ಹೋದಾಗ ಟಿಕೆಟ್ ಒಂದು ಲಾರಿ. ಲಾರಿ ಅಲ್ಲಿಯ ನಾಣ್ಯ, ಒಂದು ಲಾರಿ ಎಂದರೆ ನಮ್ಮ ಮೂವತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ. 1966ರಲ್ಲಿ ಶುರುವಾದ ಮೆಟ್ರೊ ಅದು, ಸೋವಿಯತ್ ಕಾಲದ್ದು. ರುಸ್ತಾವೇಲಿ ಸ್ಟೇಷನ್ನಿನ ಎಸ್ಕಲೇಟರ್ ಮೇಲೆ ನಿಂತರೆ ಪಾತಾಳಕ್ಕೆ ಇಳಿಯುತ್ತಿದ್ದೇನೋ ಅನ್ನಿಸುವಷ್ಟು ಉದ್ದ.

ದಿದುಬೆಯಲ್ಲಿ ಮೆಟ್ರೊ ಇಳಿದು ಹೊರಬಂದ ತಕ್ಷಣ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. "ಕಜ್ಬೆಗಿ? ಮರ್ಶ್ರುತ್ಕಾ ಇಲ್ಲ, ಇವತ್ತು ಬಂದ್" ಎನ್ನುತ್ತಾರೆ. ನಂಬಬೇಡಿ. ತರಕಾರಿ, ಚಪ್ಪಲಿ, ಪ್ಲಾಸ್ಟಿಕ್ ಬಕೆಟ್ ಮಾರುವವರ ಮಧ್ಯೆ ತೂರಿಕೊಂಡು ಒಳಗೆ ಹೋದರೆ ವ್ಯಾನುಗಳ ಸಾಲು ಸಿಗುತ್ತದೆ. ಗಾಜಿನ ಮೇಲಿನ ಬೋರ್ಡು ಹೆಚ್ಚಾಗಿ ಜಾರ್ಜಿಯನ್ ಲಿಪಿಯಲ್ಲೇ ಇರುತ್ತದೆ. ನಾನು ಹೋಗಬೇಕಾದ ಊರುಗಳ ಹೆಸರನ್ನು ಆ ಲಿಪಿಯಲ್ಲಿ ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಂಡಿದ್ದೆ. ಫೋನಿನ ಪರದೆ ತೋರಿಸಿದರೆ ವಯಸ್ಸಾದ ಡ್ರೈವರುಗಳು ಕನ್ನಡಕ ಹುಡುಕಬೇಕಾಗುತ್ತದೆ. ಕಾಗದ ತೋರಿಸಿದರೆ ದೂರದಿಂದಲೇ ಕೈ ಮಾಡಿ ವ್ಯಾನು ತೋರಿಸುತ್ತಾರೆ.

ಒಂಟಿಯಾಗಿ ಹೋಗುವುದರ ಲಾಭ ಇಲ್ಲಿ ಎದ್ದು ಕಾಣುತ್ತದೆ. ಕೊನೆಯ ಒಂದು ಸೀಟು ಉಳಿದಾಗ ಇಬ್ಬರಿದ್ದರೆ ಮುಂದಿನ ವ್ಯಾನಿಗೆ ಕಾಯಬೇಕು, ಒಬ್ಬರಾದರೆ ಹತ್ತಿ ಕೂತರಾಯಿತು. ಸಾಮಾನ್ಯವಾಗಿ ದುಡ್ಡು ಇಳಿಯುವಾಗ ಡ್ರೈವರ್ ಕೈಗೆ. ದಾರಿ ಮಧ್ಯೆ ಇಳಿಯಬೇಕಾದರೆ "ಗಾಚೆರೆತ್" ಎಂದು ಗಟ್ಟಿಯಾಗಿ ಕೂಗಬೇಕು, ಅಂದರೆ ನಿಲ್ಲಿಸಿ ಅಂತ. ಮೆಲ್ಲಗೆ ಹೇಳಿದರೆ ಕೆಲಸ ಆಗುವುದಿಲ್ಲ, ಒಳಗೆ ಹಾಡು ಜೋರಾಗಿರುತ್ತದೆ. ಡ್ರೈವಿಂಗ್ ಬಗ್ಗೆ ಮಾತ್ರ ಹೇಳದಿರುವುದೇ ವಾಸಿ. ತಿರುವಿನಲ್ಲೇ ಓವರ್‌ಟೇಕ್ ಮಾಡುತ್ತಾರೆ. ದಾರಿಯಲ್ಲಿ ಚರ್ಚ್ ಕಂಡಾಗಲೆಲ್ಲ ಡ್ರೈವರ್ ಬಲಗೈಯನ್ನು ಸ್ಟೀರಿಂಗಿನಿಂದ ತೆಗೆದು ಮೂರು ಸಲ ಶಿಲುಬೆಯ ಗುರುತು ಹಾಕುತ್ತಾನೆ, ಹಿಂದೆ ಕೂತವರೂ ಹಾಕುತ್ತಾರೆ. ಆ ದೇಶದಲ್ಲಿ ಚರ್ಚುಗಳು ಬಹಳ.

ಕಜ್ಬೆಗಿಯ ಈಗಿನ ಹೆಸರು ಸ್ತೆಪಂತ್ಸ್ಮಿಂದಾ. ತಿಬಿಲಿಸಿಯಿಂದ ಸುಮಾರು 155 ಕಿಲೋಮೀಟರ್, ಮೂರು ಗಂಟೆ ಅನ್ನುತ್ತಾರೆ. ರಷ್ಯಾ ಗಡಿಗೆ ಹೋಗುವ ಹೆದ್ದಾರಿಯೂ ಇದೇ ಆದ್ದರಿಂದ ಟ್ರಕ್ಕುಗಳ ಸಾಲು ಕಿಲೋಮೀಟರುಗಟ್ಟಲೆ ನಿಂತಿರುತ್ತದೆ, ನಡುವೆ ದನಗಳು ಬೇರೆ. ಸಮಯದ ಲೆಕ್ಕಾಚಾರವನ್ನು ಸಡಿಲವಾಗಿ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರುವ ಟೂರಿನವರು ಗೆರ್ಗೆಟಿ ಚರ್ಚಿಗೆ ಕಾರಿನಲ್ಲೇ ಹತ್ತುತ್ತಾರೆ, ಈಗ ಅಲ್ಲಿಯವರೆಗೆ ಡಾಂಬರು ರಸ್ತೆ ಇದೆ. 2,170 ಮೀಟರ್ ಎತ್ತರದ ಹದಿನಾಲ್ಕನೇ ಶತಮಾನದ ಆ ಚರ್ಚಿಗೆ ಊರಿನಿಂದ ಕಾಲುದಾರಿಯೂ ಇದೆ, ನಿಧಾನಕ್ಕೆ ಹತ್ತಿದರೆ ಒಂದೂವರೆ ಗಂಟೆ. ಮಧ್ಯಾಹ್ನ ಕಜ್ಬೆಕ್ ಶಿಖರದ ಮೇಲೆ ಮೋಡ ಕವಿಯುವುದೇ ಹೆಚ್ಚು, ಮುಂಜಾನೆ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಉಳಿಯದೆ ಬಂದವರು ಎಷ್ಟೋ ಸಲ ಐದು ಸಾವಿರ ಮೀಟರ್ ಮೀರಿದ ಆ ಬೆಟ್ಟವನ್ನು ನೋಡದೆಯೇ ವಾಪಸಾಗುತ್ತಾರೆ. ಎರಡು ರಾತ್ರಿ ಉಳಿಯಿರಿ. ಚರ್ಚಿನೊಳಗೆ ಹೆಂಗಸರು ತಲೆ ಮುಚ್ಚಬೇಕು, ಪ್ಯಾಂಟ್ ಹಾಕಿದ್ದರೆ ಮೇಲೊಂದು ಬಟ್ಟೆ ಸುತ್ತಿಕೊಳ್ಳಬೇಕು. ಬಾಗಿಲಲ್ಲಿ ಬಟ್ಟೆ ಇಟ್ಟಿರುತ್ತಾರೆ, ನೂರಾರು ಜನ ಸುತ್ತಿಕೊಂಡದ್ದು. ನನ್ನ ಹತ್ತಿರ ಎರಡು ದುಪಟ್ಟಾ ಇತ್ತು, ಒಂದು ತಲೆಗೆ, ಒಂದು ಸೊಂಟಕ್ಕೆ.

ಇನ್ನು ಊಟ. ಸಸ್ಯಾಹಾರಿಗಳು ಅಲ್ಲಿ ಬ್ರೆಡ್ಡು, ಬಾಳೆಹಣ್ಣು ತಿಂದು ಬದುಕಬೇಕು ಅಂತ ಶಾರ್ಜಾದಲ್ಲಿ ಹೆದರಿಸಿದ್ದರು. ಕೆಲವರು ಅವಲಕ್ಕಿ, ಎಂಟಿಆರ್ ಪೊಟ್ಟಣ ಹೊತ್ತು ಹೋಗುತ್ತಾರಂತೆ. ನನಗೆ ಅದರ ಅಗತ್ಯವೇ ಬೀಳಲಿಲ್ಲ. ಜಾರ್ಜಿಯಾದ ಆರ್ಥಡಾಕ್ಸ್ ಕ್ರೈಸ್ತರಲ್ಲಿ ವ್ರತ ಹಿಡಿಯುವವರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಈಸ್ಟರ್‌ಗೆ ಮುಂಚೆ ವಾರಗಟ್ಟಲೆ ಇದೇ ಪಥ್ಯ. ಆ ಊಟಕ್ಕೆ 'ಸಮಾರ್ಖ್ವೊ' ಅನ್ನುತ್ತಾರೆ. 'ವೆಜಿಟೇರಿಯನ್' ಅಂದರೆ ಹಳ್ಳಿಯ ಅಡುಗೆಮನೆಯಲ್ಲಿ ಕೋಳಿ ಆಗಬಹುದಾ ಎಂದು ಕೇಳುವವರಿದ್ದಾರೆ. ಸಮಾರ್ಖ್ವೊ ಅಂದರೆ ಅಜ್ಜಿಯಂದಿರಿಗೆ ಮರುಮಾತಿಲ್ಲದೆ ಅರ್ಥವಾಗುತ್ತದೆ, ಏನು ಮಾಡಬೇಕೆಂದು ಅವರಿಗೆ ಗೊತ್ತು. ಮಣ್ಣಿನ ಕುಡಿಕೆಯಲ್ಲಿ ಬೆಂದ ಹುರುಳಿಕಾಯಿ ಬೀಜದ ಲೋಬಿಯೊ, ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಮ್ಚಾದಿ. ಅಕ್ರೋಟಿನ ಮಸಾಲೆ ಸುತ್ತಿದ ಬದನೆ. ಪಾಲಕ್ ಮತ್ತು ಅಕ್ರೋಟು ಅರೆದ ಪ್ಖಾಲಿ, ಮೇಲೆ ದಾಳಿಂಬೆ ಕಾಳು. ಕೊತ್ತಂಬರಿ, ಬೆಳ್ಳುಳ್ಳಿ, ಮೆಂತ್ಯದ ಜಾತಿಯದೇ ಒಂದು ಗಿಡದ ಪುಡಿ ಎಲ್ಲದರಲ್ಲೂ ಇರುವುದರಿಂದ ನಾಲಿಗೆಗೆ ಪರಕೀಯ ಅನ್ನಿಸುವುದಿಲ್ಲ. ಖಾರ ಬೇಕಾದರೆ ಅಜಿಕಾ ಕೇಳಿ. ಚೀಸ್ ತುಂಬಿದ ಖಚಪುರಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಚೆನ್ನಾಗಿದೆ, ಆದರೆ ದಿನಾ ತಿಂದರೆ ಮೂರನೇ ದಿನಕ್ಕೆ ಸಾಕಾಗುತ್ತದೆ. ದೋಣಿಯಾಕಾರದ್ದಕ್ಕೆ ಹಸಿ ಮೊಟ್ಟೆ ಒಡೆದು ಹಾಕುತ್ತಾರೆ, ತಿನ್ನದವರು ಮೊದಲೇ ಹೇಳಬೇಕು.

ತಿಬಿಲಿಸಿಯಲ್ಲಿ ಮೆಡಿಕಲ್ ಓದುವ ಭಾರತದ ಹುಡುಗರು ಸಾವಿರಾರು ಮಂದಿ. ಮೆಟ್ರೊದಲ್ಲಿ ಪಕ್ಕದ ಹುಡುಗಿ ಅಮ್ಮನ ಜೊತೆ ಕಲಬುರಗಿ ಕನ್ನಡದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಳು. ಫೋನಿಟ್ಟ ಮೇಲೆ ಮಾತಾಡಿಸಿದೆ. "ಅಕ್ಕಾ, ಟ್ಯಾಕ್ಸಿ ಕೈ ಮಾಡಿ ನಿಲ್ಲಿಸ್ಬ್ಯಾಡ್ರಿ, ಆ್ಯಪ್‌ದಾಗ ಬುಕ್ ಮಾಡ್ರಿ" ಅಂದಳು. ಅದೊಂದು ಮಾತಿನಿಂದ ನನಗೆ ಉಳಿದ ಲಾರಿ ಕಡಿಮೆಯಲ್ಲ.

ಬೆಟ್ಟಗಳ ಸೀಮೆ ಸ್ವಾನೆತಿಗೆ ಹೋಗದಿದ್ದರೆ ಜಾರ್ಜಿಯಾ ನೋಡಿದ ಲೆಕ್ಕವೇ ಅಲ್ಲ ಎಂದು ನಾನು ವಾದ ಮಾಡಬಲ್ಲೆ. ದೂರ ಅಂತ ಪ್ಯಾಕೇಜಿನವರು ಅದನ್ನು ಬಿಟ್ಟುಬಿಡುತ್ತಾರೆ. ತಿಬಿಲಿಸಿಯಿಂದ ಬೆಳಿಗ್ಗೆ ಜುಗ್ದಿದಿಗೆ ರೈಲು, ಮಧ್ಯಾಹ್ನ ಇಳಿದರೆ ಹೊರಗೆ ಸ್ವಾನೆತಿಯ ಮುಖ್ಯ ಊರಾದ ಮೆಸ್ತಿಯಾಕ್ಕೆ ವ್ಯಾನು ಕಾದಿರುತ್ತದೆ. ಬೇಸಿಗೆಯಲ್ಲಿ ರೈಲಿನ ಟಿಕೆಟ್ ಬೇಗ ಮುಗಿಯುತ್ತದೆ, ಮುಂಚೆಯೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ದಾರಿಯಲ್ಲಿ ಎಂಗುರಿ ಅಣೆಕಟ್ಟು, 271 ಮೀಟರ್ ಎತ್ತರದ್ದು. ಕಟ್ಟೆ ಜಾರ್ಜಿಯಾದ ಕೈಯಲ್ಲಿದೆ, ವಿದ್ಯುತ್ ತೆಗೆಯುವ ಯಂತ್ರಗಳು ಜಾರ್ಜಿಯಾದಿಂದ ಸಿಡಿದು ಹೋದ ಅಬ್ಖಾಜಿಯಾದ ಕಡೆ. ಜಗಳವಾಡಿದ ಇಬ್ಬರೂ ಕರೆಂಟನ್ನು ಮಾತ್ರ ಹಂಚಿಕೊಳ್ಳುತ್ತಾರೆ. ಅಬ್ಖಾಜಿಯಾ, ಅದರಂತೆಯೇ ಸಿಡಿದು ಹೋದ ದಕ್ಷಿಣ ಒಸ್ಸೆಟಿಯಾ ಕಡೆಗೆ ಹೋಗುವ ಯೋಚನೆಯನ್ನೇ ಮಾಡಬೇಡಿ.

ಮೆಸ್ತಿಯಾದಿಂದ ಉಷ್ಗುಲಿಗೆ ನಾಲ್ಕು ದಿನದ ನಡಿಗೆ. ಜಬೇಶಿ, ಆದಿಶಿ, ಇಪ್ರಾಲಿ ಎಂದು ಪ್ರತಿ ಸಂಜೆಗೂ ಒಂದು ಹಳ್ಳಿ ಸಿಗುತ್ತದೆ, ಹಾಸಿಗೆ ಮತ್ತು ಎರಡು ಹೊತ್ತಿನ ಊಟ ಮನೆಯವರೇ ಕೊಡುತ್ತಾರೆ, ಟೆಂಟ್ ಹೊರುವ ಕೆಲಸ ಇಲ್ಲ. ದಾರಿಯಲ್ಲಿ ಗುರುತು ಹಾಕಿದ್ದಾರೆ, ಸೀಸನ್ನಿನಲ್ಲಿ ಹಿಂದೆ ಮುಂದೆ ಜನ ಇದ್ದೇ ಇರುತ್ತಾರೆ. ಹಾಗಾಗಿ ಗೈಡ್ ಇಲ್ಲದೆ ಹೋದೆ. ಹೆದರಬೇಕಾದದ್ದು ಮನುಷ್ಯರಿಗಲ್ಲ, ಕುರಿ ಕಾಯುವ ನಾಯಿಗಳಿಗೆ. ಮಂದೆ ಕಂಡರೆ ಸುತ್ತು ಹಾಕಿ ಹೋಗಿ, ಕುರುಬರನ್ನು ಕೂಗಿ ಕರೆಯಿರಿ, ಓಡಬೇಡಿ. ಊರೊಳಗಿನ ಬೀದಿನಾಯಿಗಳು ಪಾಪದವು. ಕಿವಿಯಲ್ಲಿ ಬಿಲ್ಲೆ ಇದ್ದರೆ ಲಸಿಕೆ ಹಾಕಿಸಿದ್ದಾರೆ ಅಂತ.

ಆದಿಶಿಯ ಮನೆಯಲ್ಲಿ ರಾತ್ರಿ ಮೇಜಿನ ಸುತ್ತ ಎಲ್ಲ ದೇಶದವರೂ. ಯಜಮಾನ ಚಾಚಾ ಸುರಿಯುತ್ತಾ ಬಂದ. ಅದು ದ್ರಾಕ್ಷಿಯ ಹಿಪ್ಪೆಯಿಂದ ಬಟ್ಟಿ ಇಳಿಸಿದ ಸಾರಾಯಿ. ನಾನು ಕುಡಿಯುವುದಿಲ್ಲ. ಎದೆ ಮೇಲೆ ಕೈಯಿಟ್ಟು "ಮದ್ಲೋಬಾ", ಅಂದರೆ ಧನ್ಯವಾದ, ಎಂದು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅಜ್ಜಿಯ ಪಕ್ಕ ಕೂತೆ. ಒಂಟಿ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅವರು ಬೇಯಿಸಿದ ಆಲೂಗಡ್ಡೆಗೆ ಎಳೆಎಳೆಯಾಗುವ ಚೀಸ್ ಹಾಕಿ ಕೋಲಿನಿಂದ ತಿರುವುತ್ತಿದ್ದರು, ಅದಕ್ಕೆ ತಶ್ಮಿಜಾಬಿ ಎನ್ನುತ್ತಾರೆ. ಕೋಲನ್ನು ಮೇಲೆತ್ತಿದರೆ ಮೊಳದುದ್ದದ ಎಳೆ. ನನ್ನ ಕೈಗೂ ಕೋಲು ಕೊಟ್ಟರು, ಎರಡು ಸುತ್ತಿಗೇ ರಟ್ಟೆ ಸೋತಿತು. ಮದುವೆ, ಮಕ್ಕಳು, ಗಂಡ ಎಲ್ಲಿ, ಯಾಕೆ ಒಬ್ಬಳೇ ಎಂದೆಲ್ಲ ಕೈಸನ್ನೆಯಲ್ಲೇ ವಿಚಾರಣೆಯಾಯಿತು. ನಮ್ಮೂರ ಬಸ್ಸಿನಲ್ಲೂ ಆಗುವುದು ಅದೇ ತಾನೇ.

ಮರುದಿನದ ದಾರಿಗೆ ಆದಿಶಿ ಹೊಳೆ ಅಡ್ಡ ಬರುತ್ತದೆ. ಸೇತುವೆ ಇಲ್ಲ. ಮೇಲೆಯೇ ಹಿಮನದಿ ಇರುವುದರಿಂದ ಬಿಸಿಲೇರಿದಷ್ಟೂ ಮಂಜು ಕರಗಿ ನೀರು ಹೆಚ್ಚುತ್ತದೆ. ಬೆಳಿಗ್ಗೆ ಬೇಗ ಹೋದವರು ಮೊಣಕಾಲ ನೀರಿನಲ್ಲಿ ದಾಟುತ್ತಾರೆ, ಮಧ್ಯಾಹ್ನಕ್ಕೆ ಅದೇ ಜಾಗ ಅಪಾಯ. ಊರಿನ ಹುಡುಗರು ಕುದುರೆ ತಂದು ನಿಲ್ಲಿಸಿರುತ್ತಾರೆ. ನಾನು ತಲುಪಿದಾಗ ಸೊಂಟದವರೆಗೆ ಬೂದಿ ಬಣ್ಣದ ನೀರು, ತಳದಲ್ಲಿ ಉರುಳುವ ಕಲ್ಲುಗಳ ಸದ್ದು ದಡಕ್ಕೇ ಕೇಳುತ್ತಿತ್ತು. ಚೌಕಾಸಿ ಮಾಡುವ ಜಾಗ ಅದಲ್ಲ. ಹಣ ಕೊಟ್ಟು ಕುದುರೆ ಹತ್ತಿದೆ, ಹುಡುಗ ನನ್ನ ಹಿಂದೆ ಹತ್ತಿದ. ನಡುಹೊಳೆಯಲ್ಲಿ ಕುದುರೆ ನಿಂತು ಕಾಲಿಂದ ಕಲ್ಲು ತಡಕಾಡಿ, ಗಟ್ಟಿ ಸಿಕ್ಕ ಮೇಲೆ ಹೆಜ್ಜೆ ಇಟ್ಟಿತು. ನನ್ನ ಬೂಟು ಮಾತ್ರ ಒದ್ದೆಯಾಯಿತು. ಸ್ವಂತ ಕಾಲಲ್ಲಿ ದಾಟುವೆನೆಂಬ ಹುಡುಗಾಟ ಒಬ್ಬರೇ ಇದ್ದಾಗ ಬೇಡವೇ ಬೇಡ.

ಉಷ್ಗುಲಿ ಸುಮಾರು 2,100 ಮೀಟರ್ ಮೇಲೆ. ಸ್ವಾನ್ ಜನ ಹಿಂದೆ ಶತ್ರುಗಳಿಂದ, ಕುಲವೈರದಿಂದ ತಪ್ಪಿಸಿಕೊಳ್ಳಲು ಮನೆಗೊಂದರಂತೆ ಕಟ್ಟಿದ ಕಲ್ಲಿನ ಗೋಪುರಗಳು ಇಂದಿಗೂ ನಿಂತಿವೆ, ಹಿಂದೆ 5,193 ಮೀಟರಿನ ಶ್ಖಾರಾ. ಯುನೆಸ್ಕೊ 1996ರಲ್ಲಿ ಪಟ್ಟಿಗೆ ಸೇರಿಸಿದೆ. ಮಧ್ಯಾಹ್ನ ಮೆಸ್ತಿಯಾದಿಂದ ಬರುವ ಜೀಪಿನವರ ಗಲಾಟೆ ಇರುತ್ತದೆ, ಸಂಜೆಗೆ ಅವರು ಹೊರಟ ಮೇಲೆ ಊರು ಊರಿನವರದ್ದು. ವಾಪಸು ಬರಲು ಹಳೆಯ ಮಿತ್ಸುಬಿಷಿ ಡೆಲಿಕಾದಲ್ಲಿ ಸೀಟು ಹಂಚಿಕೊಂಡೆ.

ಹೋಗುವವರಿಗೆ ಇನ್ನೆರಡು ಮಾತು. ಬೆಂಗಳೂರಿನಿಂದ ನೇರ ಹೋಗುವವರಿಗೆ ಇ-ವೀಸಾ ಬೇಕು, ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಅವರ ಸರ್ಕಾರಿ ತಾಣದಲ್ಲಿ ನೋಡಿಕೊಳ್ಳಿ. ರಿಟರ್ನ್ ಟಿಕೆಟ್, ಉಳಿಯುವ ಮನೆಗಳ ಬುಕಿಂಗ್, ಪ್ರವಾಸ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮುದ್ರಿಸಿ ಕೈಚೀಲದಲ್ಲೇ ಇಡಿ. ಒಬ್ಬಂಟಿ ಭಾರತೀಯರನ್ನು ಇಮಿಗ್ರೇಷನ್ನಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೇ ಕೇಳಬಹುದು. ಬೆಟ್ಟದ ಹಳ್ಳಿಗಳಲ್ಲಿ ಹೆಚ್ಚಾಗಿ ಕಾರ್ಡ್ ನಡೆಯುವುದಿಲ್ಲ, ಮೆಸ್ತಿಯಾದಲ್ಲೇ ಎಟಿಎಂನಿಂದ ಚಿಲ್ಲರೆ ಲಾರಿ ತೆಗೆದಿಟ್ಟುಕೊಳ್ಳಿ. ನಡೆಯುವ ಆಸೆ ಇದ್ದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೋಗಿ; ಅದಕ್ಕೆ ಮುಂಚೆ ಕಣಿವೆಗಳ ನೆತ್ತಿಯಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ವಾಸಿ. ಆಗ ಜನ ಕಡಿಮೆ, ಹೊಳೆಯ ನೀರೂ ಇಳಿದಿರುತ್ತದೆ, ಕೆಳಗಿನ ಕಖೇತಿ ಪ್ರಾಂತ್ಯದಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗಿರುತ್ತದೆ. ಸಂತೆಯಲ್ಲಿ ಆಗಷ್ಟೇ ಅದ್ದಿ ನೇತುಹಾಕಿದ ಚುರ್ಚ್‌ಖೇಲಾ ಸಿಗುತ್ತದೆ; ದಾರಕ್ಕೆ ಪೋಣಿಸಿದ ಅಕ್ರೋಟನ್ನು ಗಟ್ಟಿ ದ್ರಾಕ್ಷಿರಸದಲ್ಲಿ ಮುಳುಗಿಸಿ ಒಣಗಿಸಿದ್ದು. ವಾರಗಟ್ಟಲೆ ಕೆಡುವುದಿಲ್ಲ, ಆಫೀಸಿಗೆ ಹಂಚಲು ಅದನ್ನೇ ತಂದೆ.