ಚೆಂಡೆ ಬಡಿಯುತ್ತಿದ್ದಾಗ ನಾನು ‘ಮಲಗಿದ್ದೆ’

ಕಲ್ಯಾಣಪುರದ ಹತ್ತಿರ ದೇವಿಮಹಾತ್ಮೆ ಯಕ್ಷಗಾನ ಆಟ ಇತ್ತು. ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವುದನ್ನು ನೋಡಬೇಕೆಂದು ರಾತ್ರಿಯಿಡೀ ಕಣ್ಣು ಮುಚ್ಚದೆ ಕೂತಿದ್ದೆ. ಬೆಳಿಗ್ಗೆ ಮೊಬೈಲ್ ನೋಡಿದರೆ ನಿದ್ದೆ ಅಳೆಯುವ ಕೈಯ ಬ್ಯಾಂಡಿನ ಲೆಕ್ಕದಲ್ಲಿ 2 ಗಂಟೆ 10 ನಿಮಿಷ ನಿದ್ದೆ! “ಎಂಥ ಮಾರಾಯ್ರೇ, ಅಲ್ಲಿಗೆ ಮಲಗ್ಲಿಕ್ಕೆ ಹೋದದ್ದಾ?” ಅಂದಳು ಹೆಂಡತಿ.

ಪಾಪ, ಬ್ಯಾಂಡಿನದ್ದು ತಪ್ಪಲ್ಲ. ಅದಕ್ಕೆ ಗೊತ್ತಾಗುವುದು ಕೈಯ ಅಲುಗಾಟ ಮತ್ತು ಹಸಿರು ಬೆಳಕು ಬಿಟ್ಟು ಅಳೆಯುವ ನಾಡಿಬಡಿತ, ಅಷ್ಟೇ. ಅಲುಗಾಡದೆ ಕೂತವನನ್ನು ಮಲಗಿದವನೆಂದು ಬರೆದುಕೊಂಡಿತು. ಮಿದುಳಿನ ಅಲೆ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಗಾಢನಿದ್ದೆ ಎಷ್ಟು, ಕನಸಿನ ನಿದ್ದೆ ಎಷ್ಟು ಎಂಬ ಬಣ್ಣದ ಪಟ್ಟಿ ನೋಡುವುದನ್ನು ಅವತ್ತೇ ಬಿಟ್ಟೆ. ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿಯ ನಾಡಿಬಡಿತ, ಈ ಮೂರೇ ಸಾಕು ಅನಿಸಿತು.

ಅದರ ಜೊತೆ ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ಊಟ ಮತ್ತು ಕಾಫಿಯ ಹೊತ್ತು ಬರೆಯತೊಡಗಿದೆ. ಎರಡು ವಾರದಲ್ಲಿ ವಿಷಯ ಬಯಲಾಯಿತು. ಅಂಗಡಿ ಮುಚ್ಚಿ ಬಂದು ಹತ್ತೂವರೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಗಟ್ಟಿಯಾಗಿ ಉಂಡು ಹನ್ನೊಂದಕ್ಕೆ ಮಲಗಿದ ದಿನ ರಾತ್ರಿಯ ನಾಡಿಬಡಿತ ನಿಮಿಷಕ್ಕೆ 68ರ ಹತ್ತಿರವೇ ನಿಂತಿರುತ್ತಿತ್ತು. ಎಂಟಕ್ಕೆ ಉಂಡ ದಿನ 61. ಈಗ ಬುತ್ತಿ ಅಂಗಡಿಗೇ ಬರುತ್ತದೆ, ಎಂಟಕ್ಕೆ ಗಿರಾಕಿ ಇದ್ದರೂ ಉಣ್ಣುತ್ತೇನೆ. ಆರು ಗಂಟೆಯ ಕಾಫಿಯನ್ನು ಮಧ್ಯಾಹ್ನ ಮೂರಕ್ಕೆ ತಂದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲಿಕ್ಕೇ ಸುಮಾರು 5 ಗಂಟೆ ಬೇಕಲ್ವಾ! ದಿನವೂ ಒಂದೇ ಹೊತ್ತಿಗೆ ಏಳಬೇಕೆಂದು ಭಾನುವಾರವೂ ಆರಕ್ಕೆ ಏಳುವುದು ಮಾತ್ರ ಮೊದಲ ತಿಂಗಳು ಶಿಕ್ಷೆಯೇ.

ಏಪ್ರಿಲ್‌ನಲ್ಲಿ ಬೆವರಿಗೆ ಬ್ಯಾಂಡಿನ ಅಡಿ ಕಜ್ಜಿಯೆದ್ದು ಹತ್ತು ದಿನ ಬಿಚ್ಚಿಟ್ಟೆ. ಕರೆಂಟು ಹೋಗಿ ಫ್ಯಾನ್ ನಿಂತರೆ ಎಚ್ಚರ ಆಗುವುದಕ್ಕೆ ಯಾವ ಬ್ಯಾಂಡೂ ಮದ್ದಲ್ಲ.

ನನ್ನ ಗೊರಕೆ ಜಾಸ್ತಿಯಾಗಿದೆ, ನಡುವೆ ಉಸಿರೇ ನಿಂತ ಹಾಗಾಗುತ್ತದೆ ಎಂದು ಹೆಂಡತಿ ಹೇಳಿದ ರಾತ್ರಿಯೂ ಬ್ಯಾಂಡು ನಿದ್ದೆಗೆ ನೂರಕ್ಕೆ 84 ಅಂಕ ಕೊಟ್ಟಿತ್ತು! ನಾನು ಹೆಂಡತಿಯನ್ನೇ ನಂಬಿದೆ. ಡಾಕ್ಟರರು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಬೇಕು ಅಂದಿದ್ದಾರೆ. ತಲೆಗೆಲ್ಲ ವಯರು ಅಂಟಿಸುತ್ತಾರಂತೆ. ಅಷ್ಟು ವಯರಿನಲ್ಲಿ ನಿಮಗೆ ನಿದ್ದೆ ಬರುವುದು ಹೇಗೆ ಎಂಬುದೇ ಈಗ ಇವಳ ಚಿಂತೆ.