ರೋಡಿಯೋ ಹುಡುಗ್ರಿಗೆ ಮೂವ್‌ಮೆಂಟ್ ಸ್ಕ್ರೀನಿಂಗ್ ಮಾಡೋವಾಗ ಟೋಟಲ್ ಬಿಡಿ, ಎಡ-ಬಲ ನೋಡಿ

ಫಿಸಿಯೋ ಓದಿ ಅಮೆರಿಕಕ್ಕೆ ಬಂದು ಟೆಕ್ಸಸ್, ವಯೋಮಿಂಗ್ ಕಡೆ ಕಾಲೇಜಲ್ಲಿ ಕೆಲಸಕ್ಕೆ ಸೇರಿರೋರಿಗೆ ಇದನ್ನ ಬರೀತಿದೀನಿ. ಕಾಲೇಜ್ ರೋಡಿಯೋ (ಒದೆಯೋ ಕುದುರೆ, ಗೂಳಿ ಹತ್ತೋದು, ಹೋರಿ ಕೆಡವೋದು, ಇಂಥ ಕೌಬಾಯ್ ಸ್ಪರ್ಧೆಗಳು) ಎನ್‌ಸಿಎಎ (ಅಮೆರಿಕದ ಕಾಲೇಜ್ ಆಟಗಳನ್ನ ನೋಡ್ಕೊಳ್ಳೋ ದೊಡ್ಡ ಸಂಸ್ಥೆ) ಕೈಕೆಳಗೆ ಬರಲ್ಲ, 1949ರಲ್ಲಿ ಶುರುವಾದ ಎನ್‌ಐಆರ್‌ಎ ಅಂತ ಬೇರೆ ಸಂಸ್ಥೆ ಇದೆ, ಹಾಗಾಗಿ ಫುಟ್‌ಬಾಲ್ ಟೀಮಿಗೆ ಸಿಗೋ ಆರೈಕೆ ಈ ಮಕ್ಕಳಿಗೆ ಎಷ್ಟೋ ಕಡೆ ಸಿಗಲ್ಲ. ಎಂಟ್ರಿ ಫೀಸ್ ಬೇರೆ ಕಟ್ಟಿರ್ತಾರೆ, ಅದಕ್ಕೇ ನೋವಿದ್ರೂ ಬಾಯಿ ಬಿಡಲ್ಲ.

ಆಗಸ್ಟಲ್ಲಿ, ಫಾಲ್ (ಶರತ್ಕಾಲದ) ರೋಡಿಯೋ ಶುರುವಾಗೋ ಮುಂಚೆ, ಒಂದ್ಸಲ ಸ್ಕ್ರೀನಿಂಗ್ (ಮೈ ಹೇಗೆ ಆಡತ್ತೆ, ಎಲ್ಲಿ ಬಿಗಿ, ಎಲ್ಲಿ ನೋವು ಅಂತ ನೋಡೋ ಪರೀಕ್ಷೆ) ಮಾಡಿ, ಜನವರೀಲಿ ಇನ್ನೊಂದ್ಸಲ. ಜೂನಲ್ಲಿ ವಯೋಮಿಂಗಿನ ಕ್ಯಾಸ್ಪರಲ್ಲಿ ನಡೆಯೋ ಕಾಲೇಜ್ ಫೈನಲ್ಸ್ ಹತ್ರ ಬಂದ್ಮೇಲೆ ಮಾಡಿದ್ರೆ ಎಲ್ಲರೂ "ಐಯಾಮ್ ಗುಡ್" ಅಂತಾನೇ ಹೇಳೋದು.

ಎಫ್‌ಎಮ್‌ಎಸ್ (ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್) ನಿಮಗೆ ಗೊತ್ತಿರತ್ತೆ, 7 ಟೆಸ್ಟು, ಒಂದೊಂದಕ್ಕೆ 3 ಅಂಕ, ಒಟ್ಟು 21, ಎಲ್ಲಾದ್ರೂ ನೋವು ಬಂದ್ರೆ ಅದಕ್ಕೆ ಸೊನ್ನೆ. 14 ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ರಿಸ್ಕ್ ಅಂತ ಪಾಠದಲ್ಲಿ ಹೇಳಿಕೊಟ್ಟಿರ್ತಾರೆ, ಆದ್ರೆ ಆ ಒಂದು ಸಂಖ್ಯೆ ನಂಬ್ಕೊಂಡು ಕೂರಬೇಡಿ. ನಾನು ಮೊದಲನೇ ವರ್ಷ ಹಾಗೇ ಮಾಡ್ದೆ. ಒಬ್ಬ ಬೇರ್‌ಬ್ಯಾಕ್ (ತಡಿ ಇಲ್ಲದೆ ಒದೆಯೋ ಕುದುರೆ ಹತ್ತೋ) ಹುಡುಗನಿಗೆ 15 ಬಂತು, ಸರಿ ಹೋಗಪ್ಪ ಅಂತ ಕಳಿಸ್ದೆ, ಮೂರೇ ವಾರಕ್ಕೆ ತೊಡೆಸಂದು ಹಿಡ್ಕೊಂಡು ಕುಂಟ್ಕೊಂಡು ಬಂದ. ಹಳೇ ಶೀಟ್ ತೆಗೆದು ನೋಡಿದ್ರೆ ಎಡ ಬಲಕ್ಕೆ ಅಜಗಜಾಂತರ, ಅವತ್ತೇ ಕಣ್ಮುಂದೆ ಇತ್ತು, ನಾನು ಕೂಡಿಸೋದ್ರಲ್ಲೇ ಇದ್ದೆ. ಅದು ಇವತ್ತಿಗೂ ಬೇಜಾರು.

ಅದಕ್ಕೆ ಇವೆಂಟ್ ಕೇಳ್ಕೊಂಡು ನೋಡಿ. ಬೇರ್‌ಬ್ಯಾಕ್‌ನೋರು 8 ಸೆಕೆಂಡ್ ಒಂದೇ ಕೈಯಲ್ಲಿ ನೇತಾಡ್ತಾರೆ, ಕುದುರೆ ಒದ್ದಾಗೆಲ್ಲ ಆ ಮೊಣಕೈಗೂ ಕುತ್ತಿಗೆಗೂ ಜಗ್ಗತ್ತೆ. ಎರಡೂ ಕೈ ಮುಂದೆ ಚಾಚಿಸಿ ಪಕ್ಕದಿಂದ ನೋಡಿ, ಹಿಡಿಯೋ ಕೈ ಪೂರ್ತಿ ನೆಟ್ಟಗಾಗ್ದೆ ಸ್ವಲ್ಪ ಮಡಚ್ಕೊಂಡೇ ನಿಂತಿದ್ರೆ ಬರ್ಕೊಳ್ಳಿ. ಆಮೇಲೆ ಒಂದು ಮುಷ್ಟಿ ಹೆಗಲ ಮೇಲಿಂದ, ಇನ್ನೊಂದು ಕೆಳಗಿಂದ ಬೆನ್ನ ಹಿಂದೆ ತರ್ಸಿ, ನಡುವೆ ಎಷ್ಟು ಗ್ಯಾಪ್ ಇದೆ ಅಂತ ಟೇಪಲ್ಲಿ ಅಳೀರಿ, ಕೈ ಬದಲಾಯಿಸಿ ಮತ್ತೆ ಅಳೀರಿ.

ಬುಲ್ (ಗೂಳಿ), ಬ್ರಾಂಕ್ (ತಡಿ ಹಾಕಿದ ಒದೆಯೋ ಕುದುರೆ) ಹತ್ತೋರಿಗೆ ತೊಡೆ ಒಳಗಿನ ಮಾಂಸಖಂಡಾನೇ ಸರ್ವಸ್ವ. ಅಂಗಾತ ಮಲಗಿಸಿ, ಮಂಡಿ ಮಡಚಿ, ಎರಡು ಮಂಡಿ ನಡುವೆ ನಿಮ್ಮ ಮುಷ್ಟಿ ಇಟ್ಟು ಒತ್ತೋಕೆ ಹೇಳಿ. ನೋವಾಯ್ತು ಅಂದ್ರೆ ಅವತ್ತಿಂದಾನೇ ಆ ಭಾಗದ ಕೆಲಸ ಶುರು.

ಗೋಟ್ ಟೈಯಿಂಗ್ (ಮೇಕೆ ಕಾಲು ಕಟ್ಟೋ) ಹುಡುಗೀರು, ಸ್ಟಿಯರ್ ರೆಸ್ಲಿಂಗ್ (ಹೋರಿ ಕೊಂಬು ಹಿಡ್ದು ಕೆಡವೋ) ಹುಡುಗ್ರು ಓಡೋ ಕುದುರೆಯಿಂದ ಇಳಿಯೋರು, ಅಲ್ಲಿ ಮಂಡಿನೇ ಪ್ರಾಣ. ಚಿಕ್ಕ ಬಾಕ್ಸಿಂದ ಒಂಟಿ ಕಾಲಲ್ಲಿ ಇಳಿಸಿ, ಮಂಡಿ ಒಳಕ್ಕೆ ವಾಲತ್ತಾ ಅಂತ ಫೋನಲ್ಲಿ ವಿಡಿಯೋ ಮಾಡಿ ಅವರಿಗೇ ತೋರ್ಸಿ. ವೈ-ಬ್ಯಾಲೆನ್ಸಲ್ಲಿ (ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ಚಾಚೋ ಟೆಸ್ಟು) ಮುಂದಕ್ಕೆ ಚಾಚೋವಾಗ ಎರಡು ಕಾಲಿಗೂ 4 ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಸುಮ್ನೆ ಬಿಡ್ಬೇಡಿ. ಬೂಟು ಬಿಚ್ಚಿಸಿನೇ ಮಾಡ್ಸಿ, ವರ್ಷಗಟ್ಲೆ ಹೀಲ್ ಇರೋ ಬೂಟಲ್ಲಿ ಇದ್ದೋರಿಗೆ ನಮ್ಮೂರಲ್ಲಿ ಅಜ್ಜಂದ್ರು ಕೂರೋ ಹಾಗೆ ಕುಕ್ಕರುಗಾಲಲ್ಲಿ ಕೂತ್ರೆ ಹಿಮ್ಮಡಿ ಮೇಲೇಳತ್ತೆ.

ವ್ಯಾಯಾಮ ಮೂರ್ನಾಲ್ಕು ಸಾಕು, ಜಾಸ್ತಿ ಕೊಟ್ರೆ ಮಾಡಲ್ಲ. ಕೈಯಿಂದ ಹಣೆ, ಪಕ್ಕ, ಹಿಂದಲೆ ಒತ್ತಿ ಹಿಡಿಯೋ ಕುತ್ತಿಗೆ ವ್ಯಾಯಾಮ, ತೊಡೆಸಂದಿಗೆ ಕೋಪನ್‌ಹೇಗನ್ ಪ್ಲ್ಯಾಂಕ್ (ಪಕ್ಕಕ್ಕೆ ಮಲಗಿ ಮೇಲಿನ ಕಾಲು ಬೆಂಚ್ ಮೇಲಿಟ್ಟು ಸೊಂಟ ಎತ್ತಿ ಹಿಡಿಯೋದು, ಮೊದಲು ಮಂಡಿ ಇಟ್ಟು, ಆಮೇಲೆ ಪಾದ), ತೊಡೆ ಹಿಂಭಾಗಕ್ಕೆ ನಾರ್ಡಿಕ್ (ಮಂಡಿಯೂರಿ, ಹಿಮ್ಮಡಿ ಹಿಡಿಸ್ಕೊಂಡು ನಿಧಾನಕ್ಕೆ ಮುಂದಕ್ಕೆ ಬಾಗೋದು). ಇದೆಲ್ಲಕ್ಕಿಂತ ನಂಗೆ ಮುಖ್ಯ ಅನ್ಸೋದು ಬೀಳೋದನ್ನ ಕಲಿಸೋದು, ಮ್ಯಾಟ್ ಹಾಕಿ ಗದ್ದ ಎದೆಗೆ ಒತ್ಕೊಂಡು, ಕೈ ಊರದೆ, ಹೆಗಲ ಮೇಲೆ ಉರುಳಿ, ಎದ್ದು ಬೇಲಿ ಕಡೆ ಓಡೋದು, ಎಡಕ್ಕೂ ಬಲಕ್ಕೂ, ವಾರಕ್ಕೆ ಎರಡು ದಿನ.

ಇನ್ನು ತಲೆ. ರೈಡ್ ಮಾಡೋವಾಗ ಹಾಕೋ ರಕ್ಷಣಾ ವೆಸ್ಟ್ ಎದೆ ಕಾಯತ್ತೆ, ತಲೆನಲ್ಲ. ಪೆಟ್ಟು ಬಿದ್ದು ಮಂಕಾಗಿದ್ರೆ ಅವತ್ತು ಇನ್ನೊಂದು ರೈಡ್ ಇಲ್ಲ, ಡಾಕ್ಟ್ರು ಹೇಳಿದ್ಮೇಲೆ ಹಗುರ ವ್ಯಾಯಾಮದಿಂದ ಶುರು ಮಾಡಿ ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ ಕೊಟ್ಟು ವಾಪಸ್ ತನ್ನಿ. ಹುಡುಗನ್ನ ಕೇಳಿದ್ರೆ ಸುಳ್ಳು ಹೇಳ್ತಾನೆ, ಅವನ ಜೊತೆ ಪಿಕಪ್‌ನಲ್ಲಿ ರಾತ್ರಿ ಪೂರ್ತಿ ಬಂದ ಫ್ರೆಂಡ್‌ನ ಪಕ್ಕಕ್ಕೆ ಕರ್ದು ಕೇಳಿ, ವಾಂತಿ ಮಾಡ್ಕೊಂಡ್ನಾ, ಹೇಳಿದ್ದೇ ಹೇಳ್ತಿದ್ನಾ, ತಲೆನೋವು ಜಾಸ್ತಿ ಆಗ್ತಿದ್ಯಾ. ಒಂದಕ್ಕೆ ಹೌದು ಅಂದ್ರೂ ಸೀದಾ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗಿ.