ಸೈಜ್ ಸರಿ ಬಂತು, ಬೂಲ್ ಕೈಕೊಟ್ಟಿತು: ನನ್ನ ಅನುಭವ

ಪೀಣ್ಯದ ಗಿರಾಕಿಯೊಬ್ಬರ ತೂಕದ ಮಷೀನಿಗೆ ಬಂದ ಸಿ ಲೈಬ್ರರಿಯನ್ನು ಸಿ ಶಾರ್ಪ್‌ನಿಂದ ನೇರವಾಗಿ ಕರೆಯೋಕಾಗಲ್ಲ, ನಡುವೆ ಎರಡನ್ನೂ ಬೆಸೆಯುವ ಕೋಡ್, ಅಂದರೆ ರ್‍ಯಾಪರ್ ಬೇಕೇ ಬೇಕು ಎಂದವರೇ ಎಲ್ಲರೂ. ರ್‍ಯಾಪರ್‌ಗೆ ಕೇಳಿದ ದರ ಅರವತ್ತು ಸಾವಿರದ ಆಸುಪಾಸು. ಈಗ ಬರೀ ಪಿ ಇನ್ವೋಕ್‌ನಲ್ಲೇ (ಸಿ ಶಾರ್ಪ್ ಓಡುವ ಡಾಟ್‌ನೆಟ್‌ನಲ್ಲೇ ಇರುವ, ಸಿ ಫಂಕ್ಷನ್ ಕರೆಯುವ ಸೌಲಭ್ಯ) 64 ಬಿಟ್ ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತಿದೆ. ಖರ್ಚು? ಎಸ್.ಪಿ. ರೋಡಿನ ಹಳೇ ಲಿನಕ್ಸ್ ಡಬ್ಬಕ್ಕೆ ಸುಮಾರು ಎಂಟು ಸಾವಿರ.

ಲೈಬ್ರರಿಯ ಸ್ಟ್ರಕ್ಟ್‌ನಲ್ಲಿ (ಹಲವು ಫೀಲ್ಡುಗಳ ಕಟ್ಟು) ಕ್ರಮವಾಗಿ ಚಾರ್, ಲಾಂಗ್, ಡಬಲ್, 16 ಬೈಟಿನ ಹೆಸರು, ಕೊನೆಗೆ ತೂಕ ನಿಂತಿದೆಯೇ ಎನ್ನುವ ಬೂಲ್ (ಹೌದು-ಇಲ್ಲ). ಸಿ ಶಾರ್ಪ್‌ನಲ್ಲೂ ಲಾಂಗ್, ಬೂಲ್ ಎಂದೇ ಬರೆದದ್ದು ಮೊದಲ ತಪ್ಪು. ವಿಂಡೋಸ್‌ನಲ್ಲಿ ಸಿ ಲಾಂಗ್ 4 ಬೈಟ್, ಸಿ ಶಾರ್ಪ್‌ನದು 8. ಅಲ್ಲಿ ಸ್ಟ್ರಕ್ಟ್ 40, ಇಲ್ಲಿ 48. ತೂಕದ ಜಾಗದಲ್ಲಿ ಕಸ. ಇದಾದರೂ ಕಣ್ಣಿಗೆ ಬೀಳುತ್ತದೆ. ಲಿನಕ್ಸ್‌ನಲ್ಲಿ ಸಿ ಲಾಂಗೂ 8, ಎರಡೂ ಕಡೆ 48, ಆಫ್‌ಸೆಟ್‌ಗಳೂ (ಪ್ರತಿ ಫೀಲ್ಡ್ ಶುರುವಾಗುವ ಜಾಗ) ಒಂದೇ. ಆದರೂ ತೂಕ ಅಲ್ಲಾಡುತ್ತಿರುವಾಗಲೇ ‘ನಿಂತಿದೆ’ ಎನ್ನುತ್ತಿತ್ತು! ಸಿಯ ಬೂಲ್ 1 ಬೈಟ್; ಎರಡರ ನಡುವೆ ಡೇಟಾ ಬದಲಿಸಿಕೊಡುವ ಮಾರ್ಷಲರ್ ಮಾತ್ರ 4 ಬೈಟ್ ಓದಿ, ಪ್ಯಾಡಿಂಗ್‌ನ (ಜಾಗ ಹೊಂದಿಸಲು ಬಿಟ್ಟ ಖಾಲಿ ಬೈಟ್) ಕಸವನ್ನೂ ಸೇರಿಸಿ ಟ್ರೂ ಮಾಡುತ್ತದೆ. ಬೂಲ್‌ಗೆ 1 ಬೈಟ್ ಎಂದು ಹೇಳುವ ಐ1, ಲಾಂಗ್‌ಗೆ ಸಿ ಲಾಂಗಿನ ಅಳತೆಗೇ ಹೊಂದುವ, ಡಾಟ್‌ನೆಟ್ 6ರಿಂದ ಬಂದ ಸಿಲಾಂಗ್ ಹಾಕಿದ ಮೇಲೆ ಸರಿಹೋಯಿತು. ಲೈಬ್ರರಿಯ ಹೆಡರ್ ಫೈಲನ್ನಷ್ಟೇ ನಂಬಬೇಡಿ. ಇಪ್ಪತ್ತು ಸಾಲಿನ ಸಿ ಪ್ರೋಗ್ರಾಮಿನಿಂದ ಪ್ರತಿ ಫೀಲ್ಡಿನ ಆಫ್‌ಸೆಟ್ ಮತ್ತು ಅಗಲ ಎರಡನ್ನೂ ಪ್ರಿಂಟ್ ಮಾಡಿಸಿ, ಡಾಟ್‌ನೆಟ್‌ನ ಮಾರ್ಷಲ್ ಕ್ಲಾಸಿನ ಲೆಕ್ಕದ ಪಕ್ಕ ಇಟ್ಟು ನೋಡಿ.

ಚಾರ್ ಪಾಯಿಂಟರ್ ವಾಪಸ್ ಕೊಡುವ ಫಂಕ್ಷನ್ನಿಗೆ ಸ್ಟ್ರಿಂಗ್ ಎಂದು ಬರೆದರೆ ಮಾರ್ಷಲರ್ ಆ ಮೆಮೊರಿಯನ್ನು ತಾನೇ ಫ್ರೀ ಮಾಡುತ್ತದೆ, ಹೀಪ್ (ಮೆಮೊರಿ ಹಂಚುವ ಜಾಗ) ಕೆಡಬಹುದು. ಇಂಟ್‌ಪಿಟಿಆರ್ (ಬರೀ ವಿಳಾಸ) ತೆಗೆದುಕೊಂಡು ನಾವೇ ಓದಬೇಕು. ಲೈಬ್ರರಿ ವಾಪಸ್ ಕರೆಯಲಿ ಎಂದು ಕೊಡುವ ಕಾಲ್‌ಬ್ಯಾಕ್ ಡೆಲಿಗೇಟನ್ನು ಸ್ಟ್ಯಾಟಿಕ್ ಫೀಲ್ಡಿನಲ್ಲಿ ಹಿಡಿದಿಡಿ. ಇಲ್ಲದಿದ್ದರೆ ಜಿಸಿ (ಬಳಕೆಯಲ್ಲಿಲ್ಲದ ಮೆಮೊರಿ ಗುಡಿಸುವ ವ್ಯವಸ್ಥೆ) ಅದನ್ನು ಗುಡಿಸಿ, ಡೀಬಗ್‌ನಲ್ಲಿ ಓಡಿದ್ದು ರಿಲೀಸ್‌ನಲ್ಲಿ ಹತ್ತು ನಿಮಿಷಕ್ಕೆ ಮಗುಚುತ್ತದೆ. ಅಷ್ಟು ಹೊತ್ತು ಕಾಯೋದು ಬೇಡ, ರಿಜಿಸ್ಟರ್ ಆದ ತಕ್ಷಣ ಜಿಸಿ ಓಡಿಸಿದರೆ ಬಣ್ಣ ಬಯಲು.

ಡಾಟ್‌ನೆಟ್ 7ರ ಲೈಬ್ರರಿಇಂಪೋರ್ಟನ್ನೂ (ಮಾರ್ಷಲ್ ಮಾಡುವ ಕೋಡನ್ನು ಬಿಲ್ಡ್ ವೇಳೆಯೇ ಬರೆದುಕೊಡುವ ಪಿ ಇನ್ವೋಕ್) ಒಂದು ಕೈ ನೋಡಿದೆ. ವೇಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ಪ್ಯಾರಾಮೀಟರಿನ ಬೂಲ್ ಎಷ್ಟು ಬೈಟ್ ಎಂದು ಹೇಳದಿದ್ದರೆ ಬಿಲ್ಡ್ ಆಗಲೇ ಬಿಡುವುದಿಲ್ಲ, ಅದು ಇಷ್ಟವಾಯಿತು.

ಇನ್ನು ಹೆಸರಿನ 16 ಬೈಟ್. ವಿಂಡೋಸ್‌ನಲ್ಲಿ ಹಳೇ ಆನ್ಸಿ ಎನ್‌ಕೋಡಿಂಗನ್ನೇ ಉಳಿಸಿಕೊಂಡರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ. ಬೈಟ್ ಅರೇ ಮಾಡಿ ಯುಟಿಎಫ್ 8ರಲ್ಲಿ ತುಂಬಿದೆ. ಅಲ್ಲಿ ಅಕ್ಷರ, ಗುಣಿತದ ಚಿಹ್ನೆಗೆ ತಲಾ 3 ಬೈಟ್, ಒತ್ತಿಗೆ ಮಾತ್ರ ವಿರಾಮದ ಚಿಹ್ನೆಯೂ ಸೇರಿ 6. ‘ಅಕ್ಕಿ’ 15, ಕೊನೆಯ ಸೊನ್ನೆ ಸೇರಿ ಸರಿಯಾಗಿ 16. ‘ತೊಗರಿಬೇಳೆ’ 27, ಹಿಡಿಯುವುದಿಲ್ಲ, ‘ತೊಗರಿ’ ಹಿಡಿಯುತ್ತದೆ. ಅಕ್ಷರ ಮುರಿಯದಂತೆ ಎಲ್ಲಿ ಕತ್ತರಿಸಬೇಕು ಎನ್ನುವ ಫಂಕ್ಷನ್ ಮಾತ್ರ ನನ್ನ ಹತ್ತಿರವೇ ಇರಲಿ.